ಬರೆಯಲು ಅಪ್ಪಣೆ ಇಲ್ಲ

ಆ ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ, ಸಾಕು. ಬಾಗಿಲೂ ಮುಂದೆ ಮಾಡಿ, ಗಾಳಿಗೆ ಕಿರ್ರ್ ಅನ್ನತ್ತೆ. ಇದನ್ನ ಹೇಳೋವಾಗ ಆ ಸದ್ದು ಕೇಳಿದರೆ ನನಗೇ ಮಾತು ತಪ್ಪತ್ತೆ.

ಇದು ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಅರ್ಧ ಅವಳ ಬಾಯಿಂದ ಕೇಳಿದ್ದು, ಇನ್ನರ್ಧ ನಾನೇ ಪಕ್ಕದಲ್ಲಿ ಕೂತು ನೋಡಿದ್ದು. ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ದೆವ್ವಕ್ಕೆ ನನ್ನಲ್ಲಿ ನಂಬಿಕೆ ಇದೆಯೋ ಏನೋ, ಅದು ಬೇರೆ ಮಾತು.

ಆ ರಾತ್ರಿ ಅಕ್ಕ ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ನನ್ನದು ಕನ್ನಡಕದ ಅಂಗಡಿ, ಅದರ ಮೇಲಿನ ರೂಮೇ ಅವಳ ವರ್ಕ್‌ಶಾಪು. ಅಲ್ಲಿಂದ ಅವಳ ಮನೆಗೆ ಒಂದೇ ಗಲ್ಲಿ. ಗಲ್ಲಿ ತಿರುಗೋ ಕಡೆ ಒಂದು ಹಳೇ ಬಾವಿ ಇದೆ. ಈಗ ನೀರು ಸೇದೋರು ಯಾರೂ ಇಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಒಳಗೆ ಆಗೊಮ್ಮೆ ಈಗೊಮ್ಮೆ ಒಂದು ಹನಿ... ತೊಟ್... ಅಷ್ಟೇ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅಕ್ಕನ ಚಪ್ಪಲಿ ಸದ್ದೊಂದೇ. ಬಾವಿ ಹತ್ತಿರ ಬಂದಾಗ ಚೀಲದೊಳಗೆ ಫೋನು ಗುರ್ರ್... ಅಂತು.

ತೆಗೆದು ನೋಡಿದಳು. ಒಂದೇ ಸಾಲು.

"ಊಟ ಆಯ್ತೇನೇ?"

ಇಷ್ಟು ಹೊತ್ತಿನಲ್ಲಿ ಯಾರಪ್ಪಾ ಅಂತ ಕಳಿಸಿದವರ ಹೆಸರು ನೋಡಿದಳು. ಕಳಿಸಿದ್ದು ಮಶೀನು. ಈಗ ತಾನೇ ಅವಳು ರೂಮಿಗೆ ಬೀಗ ಹಾಕಿ ಬಿಟ್ಟುಬಂದ ಮಶೀನು.

ಅಕ್ಕ ಬಾವಿಕಟ್ಟೆ ಮೇಲೆ ಕೂತುಬಿಟ್ಟಳು. ಹೆದರಿಕೆ ಆಗಲಿಲ್ಲವಂತೆ. ಅವಳನ್ನ ಹಾಗೆ ಏನೇ, ಬಾರೇ ಅಂತ ಮಾತಾಡಿಸೋ ಮನುಷ್ಯ ಈ ಲೋಕದಲ್ಲಿ ಇದ್ದದ್ದು ಒಬ್ಬರೇ. ಅವಳ ಗಂಡ, ನಮ್ಮ ಭಾವ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು.

ಮಶೀನು ಎಂಥದ್ದು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಿಮಗೆ ಕತೆ ಹತ್ತೋದಿಲ್ಲ. ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಕೂಸುಗಳಿರ್ತಾವಲ್ಲ, ದಿನ ತುಂಬದೇ ಬಂದವು, ಅಂಗೈಯಷ್ಟು ಇರೋವು... ಅವು ನಿದ್ದೆಯಲ್ಲಿ ಉಸಿರಾಡೋದನ್ನೇ ಮರೆತುಬಿಡ್ತಾವಂತೆ. ಈ ಮಶೀನು ಉಸಿರು ಎಣಿಸ್ತಾ ಕೂತಿರತ್ತೆ. ಉಸಿರು ನಿಂತರೆ ಗಂಟೆ ಹೊಡೆಯತ್ತೆ. ನರ್ಸ್ ಓಡಿಬಂದು ಅಂಗಾಲು ತಟ್ಟಿದರೆ ಕೂಸು ಮತ್ತೆ ಉಸಿರು ಎಳಕೊಳ್ಳತ್ತೆ. ಅಷ್ಟೇ ಕೆಲಸ. ಅಕ್ಕ ಭಾವ ಇಬ್ಬರೇ ಸೇರಿ ಅದನ್ನ ಮಾಡ್ತಾ ಇದ್ದರು. ಮೇಜಿನ ಮೇಲೆ ಕೂಸಿನ ಬದಲು ಒಂದು ರಬ್ಬರ್ ಚೀಲ, ಅದಕ್ಕೊಂದು ಪುಟಾಣಿ ಪಂಪು. ಇಡೀ ದಿನ ಸ್ಸೂ... ಫೂ... ಸ್ಸೂ... ಫೂ. ನನ್ನ ಅಂಗಡಿ ತಾರಸಿಯ ಮೇಲೇ ಆ ಸದ್ದು. ಗಿರಾಕಿಗಳು "ಮೇಲೆ ಯಾರಾದ್ರೂ ಹುಷಾರಿಲ್ಲದೆ ಮಲಗಿದ್ದಾರಾ?" ಅಂತ ಕೇಳೋರು. "ನಮ್ಮ ಅಕ್ಕನ ಮಗು, ರಬ್ಬರಿನದು" ಅಂತಿದ್ದೆ. ಅಕ್ಕ ಭಾವನಿಗೆ ಮಕ್ಕಳಿರಲಿಲ್ಲ. ಭಾವ ಆ ತಮಾಷೆಗೆ ನಕ್ಕುಬಿಡೋರು, ಅಕ್ಕ ಮಾತ್ರ ನನ್ನ ಕಿವಿ ಹಿಂಡೋಳು.

ಇನ್ನೊಂದು ಸಂಗತಿ. ಆ ಮಶೀನಿನೊಳಗೆ ಇರೋದೂ ಒಂದು ಕಂಪ್ಯೂಟರೇ. ಯಾವ ಕಂಪ್ಯೂಟರಿಗೂ ಬುಡದಲ್ಲಿ ಒಂದು ಪ್ರೋಗ್ರಾಂ ಇರತ್ತೆ, ಕರ್ನಲ್ ಅಂತ. ಮನೆ ಯಜಮಾನ ಅನ್ನಿ, ಮಿಕ್ಕವೆಲ್ಲ ಅದರ ಮಾತು ಕೇಳಬೇಕು. ಮಶೀನು ಏಳೋವಾಗ ಆ ಕರ್ನಲ್ಲನ್ನ ಮೆಮೊರಿಯಲ್ಲಿ ಪುಟ ಪುಟವಾಗಿ ಕೂರಿಸಿ, ಒಂದೊಂದು ಪುಟಕ್ಕೂ ಅಪ್ಪಣೆ ಕೊಡಬೇಕು. ಈ ಪುಟ ಓದಬಹುದು. ಇದರಲ್ಲಿ ಬರೀಬಹುದು. ಇದನ್ನ ಓಡಿಸಬಹುದು. ಕೆಲಸ ಮಾಡೋ ಕೋಡು ಇರೋ ಪುಟಕ್ಕೆ ಓದೋದು, ಓಡಿಸೋದು ಮಾತ್ರ. ಕ್ಷಣಕ್ಷಣಕ್ಕೂ ಬದಲಾಗೋ ಲೆಕ್ಕ ಇರೋ ಪುಟಕ್ಕೆ ಓದೋದು, ಬರೆಯೋದು. ಯಾವತ್ತೂ ಬದಲಾಗಬಾರದ್ದು ಇರತ್ತಲ್ಲ, ಆ ಪುಟಕ್ಕೆ ಓದೋದು ಬಿಟ್ಟು ಇನ್ನೇನೂ ಇಲ್ಲ.

ಭಾವ ಇದ್ಯಾವುದನ್ನೂ ಮಾಡಿರಲಿಲ್ಲ. ಇಡೀ ಕರ್ನಲ್ಲನ್ನ ಒಂದೇ ದೊಡ್ಡ ಪುಟದಲ್ಲಿ ಕೂರಿಸಿ, ಎಲ್ಲಾ ಅಪ್ಪಣೆ ಕೊಟ್ಟು, ಹಾಯಾಗಿದ್ದರು. ಆ ಕೆಲಸದವರೆಲ್ಲ ಶುರುವಿನಲ್ಲಿ ಹೀಗೇ ಮಾಡ್ತಾರಂತೆ. ಆಮೇಲೆ ಸರಿ ಮಾಡೋಣ ಅಂತಾರೆ, ಆ ಆಮೇಲೆ ಬರೋದೇ ಇಲ್ಲ. ಭಾವನ ಸ್ವಭಾವವೂ ಹಾಗೇ. ಕಪಾಟು ತೆಗೆದರೆ ಮುಚ್ಚೋರಲ್ಲ, ನಲ್ಲಿ ಬಿಟ್ಟರೆ ನಿಲ್ಲಿಸೋರಲ್ಲ. ಅಕ್ಕ ಹೇಳಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಗೆ. "ಪುಟ ಬೇರೆ ಬೇರೆ ಮಾಡಿ, ಅಪ್ಪಣೆ ಬಿಗಿ ಮಾಡ್ರೀ" ಅಂತ ಅಕ್ಕ ದಿನಾ ಹೇಳೋಳು.

"ಮನೆ ಕಟ್ಟೋವಾಗ ಯಾರಾದ್ರೂ ಕೋಣೆಗೆ ಬೀಗ ಹಾಕ್ತಾರೇನೇ? ಕಟ್ಟಿ ಮುಗೀಲಿ ತಡಿ."

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಿಮ್ಮದೂ ಅಷ್ಟೇ."

ಹೀಗೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಇವರದ್ದು ಅಲ್ಲಿಯವರೆಗೂ ಹೋಗ್ತಿರಲಿಲ್ಲ. ಮೆಟ್ಟಿಲು ಇಳಿಯೋಷ್ಟರಲ್ಲಿ ಇಬ್ಬರೂ ನಗ್ತಾ ಇರೋರು.

ಆ ಮೆಟ್ಟಿಲ ಮೇಲೇ ಭಾವ ಹೋದದ್ದು. ಎದೆ ಯಾಕೋ ಹಿಡಿದ ಹಾಗಿದೆ ಕಣಯ್ಯಾ ಅಂದರು. ಕೂತರು. ನಾನು ಒಳಗೆ ಹೋಗಿ ನೀರು ತರೋಷ್ಟರಲ್ಲಿ ಗೋಡೆಗೆ ಒರಗಿದ್ದರು... ಲೋಟ ನನ್ನ ಕೈಯಲ್ಲೇ ಉಳೀತು. ಅದನ್ನ ಹೆಚ್ಚು ಹೇಳೋದಿಲ್ಲ.

ಬಾವಿ ಹತ್ತಿರ ಸಂದೇಶ ಬಂತಲ್ಲ, ಮರುದಿನ ಬೆಳಿಗ್ಗೆ ಅಕ್ಕ ನೇರ ನನ್ನ ಅಂಗಡಿಗೆ ಬಂದಳು. ಗಿರಾಕಿ ಇದ್ದಾರೆ ಅಂತಲೂ ನೋಡಲಿಲ್ಲ.

"ಲೋ, ಏನಾದ್ರೂ ಕಿತಾಪತಿ ಮಾಡಿದೀಯೇನೋ?"

"ಅಕ್ಕಾ, ನನಗೆ ನಿನ್ನ ಮಶೀನಿನ ಸ್ವಿಚ್ಚು ಎಲ್ಲಿದೆ ಅಂತಲೂ ಗೊತ್ತಿಲ್ಲ."

ಅವಳು ಮೇಲೆ ಹೋದಳು. ಆಮೇಲೆ ನನಗೆ ಬಿಡಿಸಿ ಹೇಳಿದಳು, ಪಿಸುಮಾತಿನಲ್ಲಿ, ಗೋಡೆಗೂ ಕೇಳಿಸಬಾರದು ಅನ್ನೋ ಹಾಗೆ. ಮಶೀನು ಎದ್ದ ತಕ್ಷಣ, ಆಮೇಲೆ ಗಂಟೆಗೊಂದು ಸಲ ತೆರೆಯ ಮೇಲೆ ಒಂದು ಸಾಲು ತೋರಿಸತ್ತೆ, ಅದನ್ನೇ ಅವಳ ಫೋನಿಗೂ ಕಳಿಸತ್ತೆ. "ಎಲ್ಲಾ ಸರಿ ಇದೆ." ಆ ಸಾಲು ಬದಲಾಗಬಾರದ ಸಂಗತಿಗಳ ಪೈಕಿ. ಫೈಲಿನಲ್ಲಿ ಅದು ಇದ್ದ ಹಾಗೇ ಇದೆ. ಆದರೆ ಓಡ್ತಾ ಇರೋ ಮಶೀನಿನ ಮೆಮೊರಿಯಲ್ಲಿ ಯಾರೋ ಅದನ್ನ ಅಳಿಸಿ ಬೇರೆ ಬರೆದಿದ್ದಾರೆ. ಇಡೀ ಕರ್ನಲ್ಲಿನಲ್ಲಿ ಆ ಜಾಗಕ್ಕೆ ಬರೆಯೋ ಕೋಡು ಒಂದು ಸಾಲೂ ಇಲ್ಲ. ಅವಳು ಹುಡುಕದ ಕಡೆ ಇಲ್ಲ.

ಆರಿಸಿ ಮತ್ತೆ ಹಚ್ಚಿದಳು. "ಎಲ್ಲಾ ಸರಿ ಇದೆ" ಅಂತು. ಸಂಜೆ ಹೊತ್ತಿಗೆ ತೆರೆಯ ಮೇಲೆ... "ಬೇಗ ಮನೆಗೆ ಹೋಗೇ."

ನಾನು ಕಣ್ಣಾರೆ ನೋಡಿದೆ. ಅಕ್ಕ ನಗ್ತಾ ಇದ್ದಳು. ಕೆನ್ನೆ ಮೇಲೆ ನೀರು ಇಳೀತಾ ಇತ್ತು, ತುಟಿ ನಗ್ತಾ ಇತ್ತು. ಆರು ತಿಂಗಳಿಂದ ಅವಳು ನಕ್ಕದ್ದನ್ನ ನಾನು ಕಂಡಿರಲಿಲ್ಲ.

ಅಲ್ಲಿಂದ ಅಕ್ಕ ಬೇರೆಯೇ ಆದಳು. ತಲೆ ಬಾಚ್ಕೊಂಡು ಬರೋಳು. ಹೊತ್ತಿಗೆ ಸರಿಯಾಗಿ ಉಣ್ಣೋಳು. ಫೋನು ಗುರ್ ಅಂದರೆ ಮದುವೆ ಗೊತ್ತಾದ ಹುಡುಗಿ ಥರ ಎದ್ದು ಮೂಲೆಗೆ ಹೋಗೋಳು. "ಅಕ್ಕಾ, ಅಪ್ಪಣೆ ಬಿಗಿ ಮಾಡೋ ಕೆಲಸ ಬಾಕಿ ಇದೆ ಅಂತಿದ್ದೆಯಲ್ಲ?" ಅಂತ ಒಂದು ದಿನ ಕೇಳಿದೆ. "ಮಾಡೋಣ ತಡಿಯೋ, ಎಲ್ಲಿ ಓಡಿಹೋಗತ್ತೆ" ಅಂದಳು. ಥೇಟ್ ಭಾವನ ಮಾತು ಅದು. ತೆರೆದಿರೋದರಿಂದ ತಾನೇ ಅವರು ಬರ್ತಾ ಇರೋದು, ಮುಚ್ಚು ಅನ್ನೋಕೆ ನಾನ್ಯಾರು?

ಆಸ್ಪತ್ರೆ ಕಡೆಯಿಂದ ಕೂಸುಗಳ ವಾರ್ಡಿನ ಹಿರಿಯ ಸಿಸ್ಟರ್ ಬಂದರು. ಅದು ರಾತ್ರಿ ಅಲ್ಲ, ಸುಡು ಮಧ್ಯಾಹ್ನ. ದೆವ್ವ ಕತ್ತಲೆಗೆ ಕಾಯತ್ತೆ ಅಂತ ಯಾರು ಹೇಳಿದರೋ ಅವರನ್ನ ನನ್ನ ಹತ್ತಿರ ಕಳಿಸಿ. ಸಿಸ್ಟರ್ ಮಶೀನು ಪರೀಕ್ಷೆ ಮಾಡಿ ಅವತ್ತೇ ತಗೊಂಡುಹೋಗೋ ಲೆಕ್ಕದಲ್ಲಿದ್ದರು. ದೊಡ್ಡ ದನಿ, ದೊಡ್ಡ ಕೈ, ಮಾತಿನಲ್ಲಿ ಮುಲಾಜಿಲ್ಲ. ನಾನೂ ಕುರ್ಚಿ ಹಿಡಿದುಕೊಂಡು ಮೇಲೆ ಹೋಗಿದ್ದೆ.

"ಬೇಗ ಕೊಡೀಮ್ಮಾ" ಅಂದರು. "ಹೋದ ವಾರ ಒಂದು ಕೂಸು... ನಾನು ವಾರ್ಡಿನ ಆ ತುದಿಯಲ್ಲಿದ್ದೆ. ಬರೋಷ್ಟರಲ್ಲಿ ನೀಲಿ ತಿರುಗಿತ್ತು. ಅದರ ತಾಯಿ ಪಕ್ಕದಲ್ಲೇ ಕೂತು ಜೋಗುಳ ಹಾಡ್ತಾ ಇದ್ದಳು, ಅವಳಿಗೂ ಗೊತ್ತಾಗಿಲ್ಲ."

ಆಮೇಲೆ ಅವರು ರಬ್ಬರ್ ಚೀಲದ ನಳಿಕೆಯನ್ನ ಎರಡು ಬೆರಳಲ್ಲಿ ಒತ್ತಿ ಹಿಡಿದರು. ಸ್ಸೂ... ಫೂ... ನಿಂತಿತು.

ನಾವು ಗಂಟೆಗೆ ಕಾದೆವು.

ಹೊಡೆಯಲಿಲ್ಲ. ಪಂಪು ಒಳಗೊಳಗೇ ಟಿಕ್... ಟಿಕ್... ಅಂತಿತ್ತು. ಸಿಸ್ಟರ್ ಬೆರಳು ಬಿಡಲಿಲ್ಲ, ಮುಖ ಗಟ್ಟಿಯಾಯ್ತು. "ಇಷ್ಟು ಹೊತ್ತಿಗೆ ಕೂಸು ಹೋಗಿರ್ತಿತ್ತು" ಅಂದರು. ಅಷ್ಟರಲ್ಲಿ ತೆರೆಯ ಮೇಲೆ ಸಾಲು ಬಂತು. ಅವರು ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದರು. "ಒಬ್ಬಳೇ ಕೂತು ಕೆಲಸ ಮಾಡಬೇಡ, ನಿನ್ನ ಕಣ್ಣು ಕೆಂಪಾಗಿದೆ, ನನಗೆ ನೋಡೋಕಾಗಲ್ಲ... ಇದೇನಮ್ಮಾ ಇದು ಬರೆದಿರೋದು?"

ಅಕ್ಕ ತೆರೆಗೆ ಅಡ್ಡ ನಿಂತಳು. "ಒಂದು ದಿನ ಕೊಡಿ ಸಿಸ್ಟರ್" ಅಂದಳು. ಅಷ್ಟೇ ಅಂದದ್ದು.

ಅವರು ಹೋದ ಮೇಲೆ ನನಗೆ ತೋರಿಸಿದಳು. ಆ ಸಾಲಿಗೆ ಇಟ್ಟಿದ್ದ ಜಾಗ ಚಿಕ್ಕದು. ಅದರ ಮಗ್ಗುಲಲ್ಲೇ ಇನ್ನೊಂದು ಬದಲಾಗಬಾರದ ಸಂಗತಿ ಕೂತಿತ್ತು. ಉಸಿರು ನಿಂತ ಮೇಲೆ ಎಷ್ಟು ಸೆಕೆಂಡು ಕಾದು ಗಂಟೆ ಹೊಡೀಬೇಕು ಅನ್ನೋ ಸಂಖ್ಯೆ. ಭಾವನ ಮಾತು ಚಿಕ್ಕದಿದ್ದಾಗ ಏನೂ ಆಗಲಿಲ್ಲ. ಮಾತು ಉದ್ದ ಆಯ್ತು, ತನ್ನ ಜಾಗ ತುಂಬಿ ಪಕ್ಕಕ್ಕೆ ಹರೀತು. ಸಂಖ್ಯೆ ಅಳಿಸಿಹೋಗಿ ಅಲ್ಲಿ ಅಕ್ಷರ ಕೂತವು. ಮಶೀನು ಪಾಪ ಆ ಅಕ್ಷರಗಳನ್ನೇ ಸಂಖ್ಯೆ ಅಂತ ಓದಿತು. ಆ ಲೆಕ್ಕದಲ್ಲಿ ಗಂಟೆ ಹೊಡೀಬೇಕಾದ್ದು ಎಷ್ಟೋ ವರ್ಷ ಆದ ಮೇಲೆ.

"ಅವರಿಗೆ ಗೊತ್ತಿಲ್ಲ ಕಣೋ" ಅಂದಳು. "ಪಕ್ಕದಲ್ಲಿ ಏನಿದೆ ಅಂತ ಗೊತ್ತಿಲ್ಲ ಅವರಿಗೆ. ನನ್ನ ಹತ್ತಿರ ಮಾತಾಡಬೇಕು ಅಂತ ಬರ್ತಾರೆ..."

"ಸಾಲನ್ನ ಬೇರೆ ಕಡೆ ಇಡು ಅಕ್ಕಾ."

"ಎಲ್ಲಿ ಇಟ್ಟರೂ ಪಕ್ಕದಲ್ಲಿ ಏನೋ ಇದ್ದೇ ಇರತ್ತೆ. ಇದು ಕೂಸುಗಳ ಮಶೀನು. ತೆರೆದಿಡೋ ಹಾಗಿಲ್ಲ."

ಕತ್ತಲಾಯ್ತು. ನಾನು ಅಂಗಡಿ ಮುಚ್ಚಿ ಅವಳ ಪಕ್ಕ ಕೂತೆ, ಒಬ್ಬಳನ್ನೇ ಬಿಡೋಕೆ ಮನಸ್ಸಾಗಲಿಲ್ಲ. ಅವಳು ಆ ದೊಡ್ಡ ಪುಟವನ್ನ ಚಿಕ್ಕ ಚಿಕ್ಕ ಪುಟ ಮಾಡಿದಳು. ಕೋಡು ಬೇರೆ, ಲೆಕ್ಕ ಬೇರೆ, ಬದಲಾಗಬಾರದ್ದು ಬೇರೆ. ಒಂದೊಂದಕ್ಕೂ ಅದರದರ ಅಪ್ಪಣೆ. ಕೊನೆಗೆ ಆ ಸಾಲು ಇದ್ದ ಪುಟ ಉಳೀತು. ಬರೆಯೋ ಅಪ್ಪಣೆ ತೆಗೀಬೇಕು. ಒಂದು ಅಕ್ಷರ ಒತ್ತಬೇಕು, ಅಷ್ಟೇ. ಅವಳ ಬೆರಳು ಕೀಲಿಯ ಮೇಲೆ ನಿಂತಿತ್ತು... ನಿಂತೇ ಇತ್ತು. ನಾನು ಬೇರೆ ಕಡೆ ನೋಡಿದೆ. ಟಕ್ ಅನ್ನೋ ಸದ್ದು ಕೇಳಿತು.

ಮಶೀನು ಎದ್ದಿತು. "ಎಲ್ಲಾ ಸರಿ ಇದೆ." ಸ್ಸೂ... ಫೂ... ನಾನು ನಿಟ್ಟುಸಿರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಮಶೀನಿನೊಳಗೆ ಕಟ್ ಅಂತ ಒಂದು ಸದ್ದು. ತೆರೆಯ ಮೇಲೆ ಕೆಂಪು ಸಾಲು.

"ಬರೆಯಲು ಅಪ್ಪಣೆ ಇಲ್ಲ."

ಮುಚ್ಚಿದ ಪುಟಕ್ಕೆ ಯಾರಾದರೂ ಬರೆಯೋಕೆ ಬಂದರೆ ಹಾಗೆ ತೋರಿಸಿ ಮಶೀನು ನಿಂತುಬಿಡತ್ತಂತೆ. ಆ ಮಾತನ್ನ ಬರೆದಿಟ್ಟವರು ಭಾವನೇ, ಬದುಕಿದ್ದಾಗ. ಯಾವ ಕೋಡು ಬರೆಯೋಕೆ ಬಂತು ಅನ್ನೋ ವಿಳಾಸವೂ ಕೆಳಗೆ ಬರತ್ತೆ. ಅಕ್ಕ ಆ ವಿಳಾಸ ಹುಡುಕಿದಳು. ಅಲ್ಲಿ ಕೋಡು ಇಲ್ಲ, ಪುಟವೂ ಇಲ್ಲ. ಏನೂ ಕೂರಿಸದ ಖಾಲಿ ಜಾಗ.

"ಹೊರಗಿಂದ ಯಾರಾದ್ರೂ..." ಅಂದೆ.

"ನೆಟ್ಟಿನ ವೈರು ಆವಾಗಲೇ ಕಿತ್ತಿದೀನಿ."

ಮತ್ತೆ ಹಚ್ಚಿದಳು. ಸ್ಸೂ... ಫೂ... ಕಟ್. ಬರೆಯಲು ಅಪ್ಪಣೆ ಇಲ್ಲ. ಮತ್ತೆ ಹಚ್ಚಿದಳು. ಕಟ್. ಎಷ್ಟು ಸಲ ಆಯ್ತೋ ನನಗೆ ಲೆಕ್ಕ ಇಲ್ಲ. ಒಳಗಿಂದ ಚಿಲಕ ಹಾಕಿದ ಮನೆಯ ಬಾಗಿಲನ್ನ, ಮನೆಯವನೇ ಹೊರಗೆ ನಿಂತು ತಟ್ಟಿದ ಹಾಗೆ ಕೇಳ್ತಾ ಇತ್ತು ಅದು. ನನಗೆ ಹೆದರಿಕೆ ಹೋಗಿ ಪಾಪ ಅನ್ನಿಸೋಕೆ ಶುರುವಾಯ್ತು. ತೆಗೆದುಬಿಡು ಅಕ್ಕಾ ಅನ್ನೋಕೆ ಬಾಯಿ ತೆರೆದೆ. ಆ ನೀಲಿ ತಿರುಗಿದ ಕೂಸು ನೆನಪಾಯ್ತು, ಮುಚ್ಚಿದೆ.

ಹಾಗೆ ತಟ್ಟಿದಾಗಲೆಲ್ಲ ಮಶೀನು ನಿಲ್ತಾ ಇತ್ತು. ನಿಲ್ಲೋ ಮಶೀನನ್ನೂ ವಾರ್ಡಿಗೆ ಕೊಡೋ ಹಾಗಿಲ್ಲ.

ಅಕ್ಕ ಕುರ್ಚಿ ಹತ್ತಿರ ಎಳಕೊಂಡಳು. ಮಶೀನಿನ ತಗಡಿನ ಮೈಮೇಲೆ ಅಂಗೈ ಇಟ್ಟಳು. ಪಿಸುಗುಟ್ಟಿದಳು.

"ರೀ..."

ಸ್ಸೂ... ಫೂ...

"ನೀವು ಅಂತ ಗೊತ್ತು ನನಗೆ."

ಕಟ್.

ಮತ್ತೆ ಹಚ್ಚಿದಳು.

"ನಾನೇ ಮುಚ್ಚಿದ್ದು ರೀ. ನಿಮ್ಮ ಮಾತು ಉದ್ದ ಆದರೆ ಗಂಟೆ ಹೊಡೆಯಲ್ಲ. ಯಾರದೋ ಕೂಸು ಹೋಗತ್ತೆ. ಬರೀಬೇಡಿ. ಇನ್ನು ಬರೀಬೇಡಿ..."

ಕಟ್... ಅಂತು ಒಂದು ಸಲ. ಮೆಲ್ಲಗೆ. ಹಿಂದಿನವಕ್ಕಿಂತ ಮೆಲ್ಲಗೆ ಅಂತ ನನಗೆ ಕೇಳಿಸಿತು, ನನ್ನ ಭ್ರಮೆ ಅನ್ನಿ ಬೇಕಾದರೆ.

ಆಮೇಲೆ ಹಚ್ಚಿದಳು. ಸ್ಸೂ... ಫೂ... ಸ್ಸೂ... ಫೂ... ಕಾದೆವು. ಒಂದು ತಾಸಾಯ್ತು. "ಎಲ್ಲಾ ಸರಿ ಇದೆ." ಕಾದೆವು. "ಎಲ್ಲಾ ಸರಿ ಇದೆ." ಅಕ್ಕ ನಳಿಕೆ ಒತ್ತಿ ಹಿಡಿದಳು. ಟ್ರಿಣ್ ಅಂತ ಗಂಟೆ ಹೊಡೆದದ್ದಕ್ಕೆ ನಾನು ಕುರ್ಚಿಯಿಂದ ಬೀಳೋದೊಂದು ಬಾಕಿ. ಬೆಳಕು ಹರಿಯೋ ತನಕ ಆ ಕಟ್ ಮತ್ತೆ ಕೇಳಲಿಲ್ಲ.

ಅಕ್ಕ ಆವಾಗ ಅತ್ತಳು. ಮೇಜಿನ ಮೇಲೆ ತಲೆ ಇಟ್ಟು. ಭಾವ ಹೋದ ದಿನವೂ ಹಾಗೆ ಅತ್ತಿರಲಿಲ್ಲ ಅವಳು.

"ಬದುಕಿರೋವರೆಗೂ ನನ್ನ ಒಂದು ಮಾತು ಕೇಳಲಿಲ್ಲವಲ್ಲೋ" ಅಂದಳು. "ಒಂದೇ ಒಂದು ಮಾತು ಕೇಳಲಿಲ್ಲ. ಇದನ್ನ ಯಾಕೆ ಕೇಳಿದರು?"

ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಸಿಸ್ಟರ್ ಬಂದು ಮಶೀನು ತಗೊಂಡುಹೋದರು. ಒಂದು ಮಶೀನು ಹೋಗಿ ವಾರ್ಡಿನ ತುಂಬಾ ಅಂಥವೇ ಆದವು. ಅಲ್ಲಿ ಗಂಟೆ ಹೊಡೀತಾ ಇದೆ, ಅಂಗಾಲು ತಟ್ತಾ ಇದ್ದಾರೆ, ಕೂಸುಗಳು ಮನೆಗೆ ಹೋಗ್ತಾ ಇವೆ. ಅಕ್ಕನಿಗೆ ಅದರ ಸಂತೋಷ ಇದೆ. ಆದರೆ ಫೋನು ಗುರ್ ಅಂದರೆ ಇವತ್ತಿಗೂ ಅವಳ ಕೈ ತಡವರಿಸತ್ತೆ. ಎಲ್ಲಾ ಸರಿ ಇದೆ ಅನ್ನೋ ಸಾಲು ಓದಿ ಅಷ್ಟು ನೊಂದ ಮುಖ ನಾನು ಬೇರೆ ಎಲ್ಲೂ ನೋಡಿಲ್ಲ.

ವರ್ಕ್‌ಶಾಪಿನಲ್ಲಿ ಪರೀಕ್ಷೆಗೆ ಅಂತ ಒಂದು ಮಶೀನು ಉಳೀತು. ಅದರಲ್ಲಿ ಅಕ್ಕ ಒಂದು ಕೆಲಸ ಮಾಡಿದಳು. ಕರ್ನಲ್ಲಿಗೆ ಬೇಡವೇ ಬೇಡದ ಒಂದು ಖಾಲಿ ಪುಟ ಕೂರಿಸಿದಳು. ಓದಬಹುದು, ಬರೀಬಹುದು, ಓಡಿಸೋ ಹಾಗಿಲ್ಲ. ಆಚೆ ಈಚೆ ಏನೂ ಇಲ್ಲದ ಜಾಗ, ಮಾತು ಎಷ್ಟು ಉದ್ದ ಆದರೂ ಯಾರಿಗೂ ತೊಂದರೆ ಇಲ್ಲ. "ಇಲ್ಲಿ ಬರೀರಿ" ಅಂತ ಬಾಯಿಬಿಟ್ಟು ಹೇಳಿದಳಂತೆ. ದಿನಾ ತೆಗೆದು ನೋಡೋಳು. ಸೊನ್ನೆ, ಸೊನ್ನೆ, ಬರೀ ಸೊನ್ನೆ. ಮಳೆ ಬಂತು ಹೋಯ್ತು, ಒಂದು ಅಕ್ಷರ ಮೂಡಲಿಲ್ಲ.

ಕೊನೆಗೆ ಅವಳೇ ಅದರಲ್ಲಿ ಬರೆಯೋಕೆ ಶುರು ಮಾಡಿದಳು. ದೊಡ್ಡ ಮಾತೇನಲ್ಲ. ಕೊಡೆ ಬಸ್ಸಿನಲ್ಲಿ ಬಿಟ್ಟು ಬಂದೆ. ತಮ್ಮನಿಗೆ ಶೀತ, ಔಷಧಿ ತಗೋ ಅಂದರೆ ಕೇಳಲ್ಲ. ಇಂಥವು.

ಹೋದ ವಾರ ನನ್ನನ್ನ ಮೇಲಕ್ಕೆ ಕರೆದಳು. ಪ್ರತಿ ಪುಟದ ಅಪ್ಪಣೆ ಬರೆದಿರೋ ಕಡೆ ಇನ್ನೆರಡು ಗುರುತು ಇರ್ತಾವಂತೆ. ಆ ಪುಟವನ್ನ ಯಾರಾದರೂ ಓದಿದರೆ ಮಶೀನೇ ಒಂದನ್ನ ಹಾಕತ್ತೆ, ಬರೆದರೆ ಎರಡನ್ನೂ ಹಾಕತ್ತೆ. ಅಕ್ಕ ನನ್ನ ಕಣ್ಣೆದುರೇ ತನ್ನ ಸಾಲು ಬರೆದು, ಎರಡು ಗುರುತನ್ನೂ ಅಳಿಸಿದಳು. ಎರಡೂ ಸೊನ್ನೆ. ಆ ಪುಟವನ್ನ ಮುಟ್ಟೋ ಕೋಡು ಇಡೀ ಮಶೀನಿನಲ್ಲಿ ಇಲ್ಲ. ನೆಟ್ಟಿನ ವೈರೂ ಇಲ್ಲ.

"ನೀನೇ ಇಣುಕಿ ನೋಡಿದರೂ ಗುರುತು ಬೀಳತ್ತಲ್ಲ" ಅಂದೆ.

"ನಾನು ನೋಡೋ ದಾರಿ ಬೇರೆ. ಅದರಿಂದ ಈ ಗುರುತು ಬೀಳಲ್ಲ. ಸುಮ್ಮನೆ ಕೂತ್ಕೋ."

ಕೂತೆವು. ಸ್ಸೂ... ಫೂ... ಸ್ಸೂ... ಫೂ... ನಾವಿಬ್ಬರೂ ಕೀಲಿಮಣೆ ಮುಟ್ಟಲಿಲ್ಲ, ಆಣೆ ಮಾಡಿ ಹೇಳ್ತೀನಿ. ಸುಮಾರು ಹೊತ್ತಾದ ಮೇಲೆ ಅಕ್ಕ ಆ ಗುರುತುಗಳನ್ನ ತೆರೆಯ ಮೇಲೆ ತರಿಸಿದಳು. ನಾನು ಬಗ್ಗಿ ನೋಡಿದೆ.

ಓದಿದ ಗುರುತು, ಒಂದು. ಬರೆದ ಗುರುತು, ಸೊನ್ನೆ.